ಬೋರೆ ಅಂದ್ರೆ ಬಂಜರಲ್ಲ

ಪ್ರಸ್ಥಭೂಮಿ ಅಂದ್ರೆ ಏನು? ಶಾಲೆಯಲ್ಲಿ ಓದಿದ್ದೇವೆ: ಎತ್ತರದಲ್ಲಿದ್ದೂ ಮಟ್ಟಸವಾಗಿ ಹರಡಿದ ನೆಲ. ಹಾಗೆ ನೋಡಿದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಲ್ಲವೂ ಪ್ರಸ್ಥಭೂಮಿಯ ಮೇಲೇ ಇವೆ. ಕಾವೇರಿಯ ನಡುವೆ ಕೂತಿರೋ ಶ್ರೀರಂಗಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರ!

ಆದರೆ ಇಲ್ಲಿನ ರೈತರ ಬಾಯಲ್ಲಿ ಆ ಪದ ನಾನಂತೂ ಕೇಳಿಲ್ಲ. ಅವರ ಲೆಕ್ಕವೇ ಬೇರೆ. ನೆಲ ತುಸು ಉಬ್ಬಿದ್ದರೆ ದಿಣ್ಣೆ, ಮಣ್ಣು ಗುಡ್ಡೆಯಾಗಿದ್ದರೆ ತಿಟ್ಟು, ಎತ್ತರದಲ್ಲಿ ಅಗಲವಾಗಿ ಹರಡಿದ್ದರೆ ಬೋರೆ. ಕರಿಘಟ್ಟ, ಕುಂತಿಬೆಟ್ಟದ ಹಾಗೆ ಮೇಲೆದ್ದು ನಿಂತರೆ ಮಾತ್ರ ಬೆಟ್ಟ.

ಈ ಲೆಕ್ಕದ ಹಿಂದೆ ಇರೋದು ನೀರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯ್ತು. ಆಮೇಲೆ ವಿಶ್ವೇಶ್ವರಯ್ಯ ನಾಲೆ ಬಂತು. ನಾಲೆಯ ನೀರು ಹರಿಯೋದು ತಗ್ಗಿಗೆ. ಕೆಳಗಿನ ಹೊಲ ಗದ್ದೆಯಾಯ್ತು, ಭತ್ತ, ಕಬ್ಬು ಕಂಡಿತು. ಮೇಲಿನ ಬೋರೆ ಮಾತ್ರ ರಾಗಿ, ಹುರುಳಿ ಹಾಕಿ ಮುಗಿಲು ನೋಡುತ್ತಾ ಉಳಿಯಿತು. ಒಂದೇ ಊರು, ಎರಡು ಹಣೆಬರಹ.

ಇನ್ನು ಕಂದಾಯದ ದಾಖಲೆ ತೆಗೆದರೆ ತರಿ, ಖುಷ್ಕಿ, ಖರಾಬು. ಉಳಲು ಬಾರದ ನೆಲವೆಲ್ಲ ಖರಾಬು! ಕುರಿ, ದನ ಮೇಯೋದು ಅಲ್ಲೇ ಅಲ್ವಾ? ಮಳೆನೀರು ಇಳಿದು ಕೆರೆ ಸೇರೋದು ಅಲ್ಲಿಂದಲೇ ಅಲ್ವಾ? ಖರಾಬು ಅಂತ ಕರೆದ ನೆಲವನ್ನು ಅಗೆಯೋಕೆ ಯಾರಿಗೂ ಕೈ ನಡುಗಲ್ಲ. ಬೋರೆ ಅಂತ ಕರೆದವರಿಗೆ ಅದರ ಕೆಳಗಿನ ಕೆರೆಯೂ ನೆನಪಿರುತ್ತೆ.

ನಿಮ್ಮೂರ ಬೋರೆಗೆ ಜೆಸಿಬಿ ಬಂದರೆ ಒಂದೇ ಪ್ರಶ್ನೆ ಕೇಳಿ: ನಾಳೆ ಕೆರೆಗೆ ನೀರು ಎಲ್ಲಿಂದ?