ಪಕ್ಕದ ಮೇಜಿನ ದಾಕ್ಷಿಣ್ಯ

ನಮ್ಮ ಹಳೆಯ ಕಚೇರಿಗಳಲ್ಲಿ ಕೋಣೆಯೆಂಬುದು ಸಾಹೇಬರಿಗೆ ಮಾತ್ರ. ಅದಕ್ಕೊಂದು ಅರೆಬಾಗಿಲು, ಹೊರಗೊಂದು ಸ್ಟೂಲು, ಸ್ಟೂಲಿನ ಮೇಲೊಬ್ಬ ಜವಾನ. ಮಿಕ್ಕವರೆಲ್ಲ ಉದ್ದನೆಯ ಹಜಾರದಲ್ಲಿ ಕಡತಗಳ ನಡುವೆ ಕುಳಿತವರು. ಹಾಗೆ ನೋಡಿದರೆ ಹಲವರು ಕೂಡಿ ಕುಳಿತು ದುಡಿಯುವುದು ನಮಗೆ ಹೊಸದೇನಲ್ಲ. ಆದರೆ ಆ ಹಜಾರದವರು ಒಂದೇ ಸಂಸ್ಥೆಯ ಅನ್ನ ಉಣ್ಣುತ್ತಿದ್ದರು. ಒಬ್ಬರ ಮನೆಯ ಮದುವೆ ಮುಂಜಿಗಳು ಇನ್ನೊಬ್ಬರಿಗೆ ತಿಳಿದಿದ್ದವು. ದನಿಯೇರಿಸಿದವನನ್ನು ಗದರಲು ಹಿರಿಯ ಗುಮಾಸ್ತರೊಬ್ಬರು ಇದ್ದೇ ಇರುತ್ತಿದ್ದರು.

ಇಂದು ಬೆಂಗಳೂರಿನಂಥ ಊರುಗಳಲ್ಲಿ ದಿನಕ್ಕೋ ತಿಂಗಳಿಗೋ ಬಾಡಿಗೆ ತೆತ್ತು ಕುಳಿತುಕೊಳ್ಳುವ ಹಂಚಿಕೆಯ ಕಚೇರಿಗಳನ್ನು ಕೇಳುಗರಲ್ಲಿ ಹಲವರು ಬಲ್ಲಿರಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಡ್ ನ್ಯೂಬರ್ಗ್ ಎಂಬ ತಂತ್ರಾಂಶಕಾರರು 2005ರಲ್ಲಿ ಇಂಥದೊಂದು ತಾಣ ತೆರೆದು ‘ಕೋವರ್ಕಿಂಗ್’ ಎಂದು ಕರೆದರು. ಆ ಹೆಸರೇ ನಿಂತಿತು. ಇಲ್ಲಿ ಒಬ್ಬರು ಲೆಕ್ಕಪತ್ರ ನೋಡುತ್ತಿರುತ್ತಾರೆ, ಇನ್ನೊಬ್ಬರು ಕಟ್ಟಡದ ನಕ್ಷೆ ಬರೆಯುತ್ತಿರುತ್ತಾರೆ, ಮತ್ತೊಬ್ಬರು ಕಡಲಾಚೆಯ ಗಿರಾಕಿಗೆ ಸಮಾಧಾನ ಹೇಳುತ್ತಿರುತ್ತಾರೆ. ಗದರುವ ಹಿರಿಯರಿಲ್ಲ. ಇರುವುದು ಪರಸ್ಪರ ದಾಕ್ಷಿಣ್ಯವೊಂದೇ.

ಗೋಡೆ ತೆಗೆದರೆ ಮಾತುಕತೆ ಹೆಚ್ಚುತ್ತದೆ, ಅದರಿಂದ ಕೆಲಸ ಹಸನಾಗುತ್ತದೆ ಎಂಬುದು ಬಯಲು ಕಚೇರಿಯನ್ನು ಕಲ್ಪಿಸಿದವರ ಎಣಿಕೆಯಾಗಿತ್ತು. ಎಥನ್ ಬರ್ನ್‌ಸ್ಟೈನ್, ಸ್ಟೀಫನ್ ಟರ್ಬನ್ ಎಂಬ ಸಂಶೋಧಕರು ಎರಡು ಸಂಸ್ಥೆಗಳ ನೌಕರರಿಗೆ ಪುಟ್ಟ ಉಪಕರಣಗಳನ್ನು ತೊಡಿಸಿ ಇದನ್ನು ಅಳೆದು, 2018ರಲ್ಲಿ ಪ್ರಕಟಿಸಿದರು. ಬಯಲು ಕಚೇರಿಗೆ ಬಂದ ಮೇಲೆ ಮುಖಾಮುಖಿ ಮಾತು ಸುಮಾರು ಶೇಕಡಾ 70ರಷ್ಟು ಇಳಿದಿತ್ತು, ಮಿಂಚಂಚೆ ಏರಿತ್ತು. ಇದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ. ಎಲ್ಲರ ಕಣ್ಣೆದುರು ಕುಳಿತವರು ತಮ್ಮ ಸುತ್ತ ತಾವೇ ಒಂದು ಮರೆ ಕಟ್ಟಿಕೊಳ್ಳುತ್ತಾರೆ. ಕಿವಿಯ ಮೇಲಿನ ಹೆಡ್‌ಫೋನು ಅಂಥ ಮರೆ. ಅದನ್ನು ತೊಟ್ಟವರ ಭುಜ ತಟ್ಟಿ ‘ಒಂದೇ ನಿಮಿಷ’ ಎನ್ನುವುದು, ಮುಚ್ಚಿದ ಕದವನ್ನು ತಳ್ಳಿ ಒಳನುಗ್ಗಿದಂತೆಯೇ ಸರಿ.

ಎಲ್ಲಕ್ಕಿಂತ ಹೆಚ್ಚಿನ ಉಪದ್ರವ ದೂರವಾಣಿಯದು. ಪಕ್ಕದಲ್ಲಿ ಇಬ್ಬರು ಹರಟುತ್ತಿದ್ದರೆ ಹೇಗೋ ಸಹಿಸುತ್ತೇವೆ. ಒಬ್ಬರೇ ಫೋನಿನಲ್ಲಿ ಮಾತನಾಡಿದರೆ ಏಕೆ ಅಷ್ಟು ಕಿರಿಕಿರಿ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಸಂಭಾಷಣೆಯ ಎರಡೂ ಬದಿ ಕೇಳಿದವರಿಗಿಂತ ಒಂದೇ ಬದಿ ಕೇಳಿದವರು, ಗಮನ ಬೇಡುವ ಕೆಲಸದಲ್ಲಿ ಹೆಚ್ಚು ಎಡವಿದರು. ಮುಂದೇನು ಮಾತು ಬರುವುದೆಂದು ಊಹಿಸಲಾಗದೆ, ಬೇಡವೆಂದರೂ ಮನಸ್ಸು ಅತ್ತಲೇ ವಾಲುತ್ತದೆ. ‘ಹೌದಾ? ಯಾವಾಗ? ಛೇ!’ ಎಂಬ ಮೂರು ಮಾತು ಕಿವಿಗೆ ಬಿದ್ದ ಮೇಲೆ ಲೆಕ್ಕದ ಮೊತ್ತ ಸರಿಬರುವುದುಂಟೇ! ಇನ್ನೊಂದು ತೊಡಕೆಂದರೆ, ಸುತ್ತ ಗದ್ದಲವಿದ್ದಾಗ ಮಾತನಾಡುವವರ ದನಿ ಅವರಿಗರಿವಿಲ್ಲದೆ ಏರುತ್ತದೆ. ಇದನ್ನು 1911ರಷ್ಟು ಹಿಂದೆಯೇ ವಿವರಿಸಿದವರು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್. ಒಬ್ಬರು ಏರಿಸಿದರೆ ಪಕ್ಕದವರೂ ಏರಿಸಬೇಕಾಗುತ್ತದೆ. ಆದ್ದರಿಂದ ಫೋನು ಮೊಳಗಿದೊಡನೆ ಎದ್ದು ಮೊಗಸಾಲೆಗೆ ಹೋಗುವವರು ತಮ್ಮ ದನಿಯೊಂದನ್ನೇ ಅಲ್ಲ, ಇಡೀ ಕೋಣೆಯ ದನಿಯನ್ನು ತಗ್ಗಿಸುತ್ತಾರೆ.

ಊಟದ ವಾಸನೆಯ ವಿಷಯದಲ್ಲಿ ನಾನು ಸ್ವಲ್ಪ ಎಚ್ಚರದಿಂದ ಮಾತನಾಡಬೇಕು. ಕೆಲಸದ ಮೇಜಿನ ಮೇಲೆ ಡಬ್ಬಿ ಬಿಚ್ಚಬಾರದೆಂಬುದು ಒಪ್ಪತಕ್ಕ ಮಾತು. ಆದರೆ ಹುಳಿಯನ್ನದ ಘಮಕ್ಕೆ ಸುಮ್ಮನಿದ್ದವರು ಮೀನುಸಾರಿನ ಡಬ್ಬಿ ತೆರೆದೊಡನೆ ಮೂಗು ಮುಚ್ಚಿಕೊಂಡರೆ, ಅದು ಶಿಷ್ಟಾಚಾರದ ವೇಷ ತೊಟ್ಟ ಹಳೆಯ ಪಂಕ್ತಿಭೇದ. ನಿಯಮವಿರುವುದಾದರೆ ಎರಡು ಡಬ್ಬಿಗೂ ಒಂದೇ ನಿಯಮವಿರಲಿ. ಉಳಿದಂತೆ ಕುಡಿದ ಲೋಟ ತೊಳೆದಿಡುವುದು, ಕಾದಿರಿಸಿದ ಸಭಾಕೋಣೆಯನ್ನು ಹೊತ್ತಿಗೆ ಸರಿಯಾಗಿ ಬಿಡುವುದು ಮುಂತಾದವನ್ನು ವಿವರಿಸಬೇಕಾಗಿಲ್ಲ.

ಕಷ್ಟವಾದದ್ದು ಕಿವಿಗೆ ಬಿದ್ದದ್ದನ್ನು ಕೇಳದಂತಿರುವುದು. ನಾನು ಕೆಲವು ತಿಂಗಳು ಕುಳಿತಿದ್ದ ಅಂಥದೊಂದು ಕಚೇರಿಯಲ್ಲಿ, ಒಂದು ಮಧ್ಯಾಹ್ನ, ಎದುರಿನ ಮೇಜಿನ ಹುಡುಗಿಗೆ ಆಸ್ಪತ್ರೆಯಿಂದ ಕರೆ ಬಂತು. ತಾಯಿಯ ಪರೀಕ್ಷೆಯ ಫಲಿತಾಂಶ. ‘ಎರಡೂ ಕಡೆಗಾ?’ ಎಂದವಳು ಮತ್ತೆ ಮಾತನಾಡಲಿಲ್ಲ. ಎದ್ದು ಹೊರಗೆ ಹೋಗುವಷ್ಟು ತ್ರಾಣವೂ ಇದ್ದಂತೆ ಕಾಣಲಿಲ್ಲ. ಹನ್ನೆರಡು ಜನರಿಗೂ ಕೇಳಿಸಿತ್ತು. ಹನ್ನೆರಡು ಜನವೂ ತಲೆ ತಗ್ಗಿಸಿ ಕೀಲಿಮಣೆ ಒತ್ತುತ್ತಿದ್ದೆವು. ನಾನೇನು ಒತ್ತುತ್ತಿದ್ದೆನೋ ನನಗೇ ತಿಳಿಯದು. ಆಗ ಮೂಲೆಯ ಮೇಜಿನಲ್ಲಿದ್ದ ಹಿರಿಯರೊಬ್ಬರು ಎದ್ದರು. ವಿಮೆಯ ವ್ಯವಹಾರದವರು, ಸದಾ ದೊಡ್ಡ ಗಂಟಲಲ್ಲಿ ಮಾತನಾಡಿ ನಮ್ಮೆಲ್ಲರ ಅಸಮಾಧಾನಕ್ಕೆ ಗುರಿಯಾದವರು. ಆ ಗಂಟೆಗೆ ಸಭಾಕೋಣೆ ಅವರ ಹೆಸರಿನಲ್ಲಿತ್ತು. ಅದರ ದೀಪ ಹಾಕಿ ಬಂದು, ಮೆಲ್ಲನೆ, ‘ಅಲ್ಲಿ ಕೂತು ಮಾತಾಡಮ್ಮ, ನನಗೆ ಈಗ ಕೋಣೆ ಬೇಕಾಗಿಲ್ಲ’ ಎಂದರು. ಆಕೆ ಒಳಗೆ ಹೋದ ಮೇಲೆ ಕದ ಎಳೆದುಕೊಂಡು, ಕಾದು ನಿಂತಿದ್ದ ತಮ್ಮ ಇಬ್ಬರು ಗಿರಾಕಿಗಳನ್ನು ಕೆಳಗಿನ ಚಹಾದಂಗಡಿಗೆ ಕರೆದೊಯ್ದರು.

ಮರುವಾರ ಆಕೆ ಬಂದಾಗ ಅವರು ಏನನ್ನೂ ವಿಚಾರಿಸಲಿಲ್ಲ. ಎಂದಿನಂತೆ ದೊಡ್ಡ ದನಿಯಲ್ಲಿ ಫೋನು ಮಾಡುತ್ತಲೇ ಇದ್ದರು. ನಮ್ಮಲ್ಲಿ ಯಾರೂ ಆ ದಿನ ಅತ್ತ ತಿರುಗಿ ನೋಡಲಿಲ್ಲ.