ಸೋದೆ ಸೀಮೆಯ ಹೊಳೆ, ಬೆಟ್ಟ ಮತ್ತು ತೋಟ



ಮಳೆಗಾಲ ಮುಗಿದು ಶಾಲ್ಮಲಾ ಹೊಳೆಯ ನೀರು ಇಳಿದಾಗ ಸಹಸ್ರಲಿಂಗದ ಬಂಡೆಗಳು ಕಾಣಿಸಿಕೊಳ್ಳುತ್ತವೆ. ಆ ಲಿಂಗಗಳು ಸೋದೆ ಅರಸರ ಕಾಲದವು ಅಂತ ನೀವೆಲ್ಲ ಬಲ್ಲಿರಿ. ಈ ಹೊಳೆ ಬೇಡ್ತಿಯನ್ನು ಕೂಡುತ್ತದೆ. ಬೇಡ್ತಿ ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆಯ ಸೀಮೆಯಲ್ಲಿ ಕಡಲನ್ನು ಸೇರುತ್ತದೆ.

16ನೆಯ ಶತಮಾನದಲ್ಲಿ ಇಲ್ಲಿ ಅರಸಪ್ಪ ನಾಯಕನು ಆಳಿದ. ಶ್ರೀ ವಾದಿರಾಜರು 1600ರಲ್ಲಿ ಸೋದೆಯಲ್ಲೇ ವೃಂದಾವನಸ್ಥರಾದರು. ನಮ್ಮ ಕಾಳುಮೆಣಸಿಗಾಗಿ ಪೋರ್ಚುಗೀಜರು ಸೋದೆಯೊಡನೆ ವ್ಯಾಪಾರ ಇಟ್ಟುಕೊಂಡಿದ್ದರು. 1760ರ ದಶಕದಲ್ಲಿ ಹೈದರಾಲಿ ಸೋದೆಯನ್ನು ಗೆದ್ದ. ಅರಸು ಮನೆತನ ಗೋವೆಗೆ ಹೋಯಿತು. 1801ರಲ್ಲಿ ಬುಕಾನನ್ ಸಾಹೇಬರು ಬಂದಾಗಲೂ ಅಡಿಕೆ, ಮೆಣಸಿನ ತೋಟಗಳು ಇದ್ದವು. ಅದನ್ನು ಅವರು ಬರೆದಿಟ್ಟಿದ್ದಾರೆ.

ಅರಸೊತ್ತಿಗೆ ಹೋಯಿತು, ತೋಟ ಉಳಿಯಿತು. ಹೇಗೆ?

ತೋಟ ಕಣಿವೆಯ ತಳದಲ್ಲಿ, ಬೆಟ್ಟ ಅದರ ನೆತ್ತಿಯ ಮೇಲೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಮರದ ಬೇರು, ತರಗೆಲೆ ಮಳೆನೀರನ್ನು ತಡೆದು ಇಂಗಿಸುತ್ತವೆ. ಅದೇ ನೀರು ಬೇಸಿಗೆಯಲ್ಲಿ ಒರತೆಯಾಗಿ ಬರುತ್ತದೆ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟದ್ದು ತೋಟಕ್ಕೆ ಸೊಪ್ಪು ಸಿಗಲಿ ಎಂದೇ.

ಬೆಟ್ಟ ಬೋಳಾದರೆ? ಮಣ್ಣು ಕೊಚ್ಚಿ ಹೊಳೆಗೆ ಹೋಗುತ್ತದೆ, ತೋಟದ ಕಾಲುವೆ ಹೂಳುತ್ತದೆ, ಬೇಸಿಗೆಗೆ ಬಾವಿ ಬತ್ತುತ್ತದೆ. ನಷ್ಟ ನಮ್ಮದೇ ಅಲ್ಲವೇ?

ಆದ್ದರಿಂದ ಸೊಪ್ಪನ್ನು ಸರದಿಯ ಮೇಲೆ ಕಡಿಯಿರಿ, ಮರದ ತುದಿ ಬಿಡಿ. ಬೆಟ್ಟಕ್ಕೆ ಬೆಂಕಿ ತಾಗದಂತೆ ನೋಡಿಕೊಳ್ಳಿ. ಬೋಳು ಜಾಗದಲ್ಲಿ ಸಸಿ ನೆಡಿ. ಮಳೆಗೆ ಮುಂಚೆ ಬಸಿಗಾಲುವೆಯ ಹೂಳು ತೆಗೆಯಿರಿ.

ಬೆಟ್ಟ ಉಳಿದರೆ ಹೊಳೆ, ಹೊಳೆ ಉಳಿದರೆ ತೋಟ.