ಹರ್ಬ್ಲಾಕ್: ಭಯಕ್ಕೆ ಹೆಸರಿಟ್ಟ ಚಿತ್ರಕಾರ

ಪತ್ರಿಕೆ ಕೈಗೆ ಬಂದೊಡನೆ ನಮ್ಮಲ್ಲನೇಕರು ಮೊದಲು ಹುಡುಕುವುದು ವ್ಯಂಗ್ಯಚಿತ್ರವನ್ನು. ಕ್ಷಣಕಾಲ ನಕ್ಕು ಪುಟ ತಿರುಗಿಸುತ್ತೇವೆ. ಅಂತಹ ಚಿತ್ರವೊಂದು ರಾಷ್ಟ್ರದ ರಾಜಕೀಯಕ್ಕೆ ಕನ್ನಡಿ ಹಿಡಿಯಬಲ್ಲದೆಂಬುದಕ್ಕೆ ಅಮೆರಿಕದ ಹರ್ಬ್ಲಾಕ್‌ನ ಜೀವನವೇ ನಿದರ್ಶನ.

ಹರ್ಬರ್ಟ್ ಬ್ಲಾಕ್ ಹುಟ್ಟಿದ್ದು 1909ರಲ್ಲಿ, ಶಿಕಾಗೊ ನಗರದಲ್ಲಿ. ಹೆಸರಿನ ಎರಡು ಭಾಗಗಳನ್ನು ಕೂಡಿಸಿ 'ಹರ್ಬ್ಲಾಕ್' ಎಂದು ಅಂಕಿತ ಹಾಕಲು ಸೂಚಿಸಿದವನು ಅವನ ತಂದೆ. ಕಾಲೇಜು ವ್ಯಾಸಂಗವನ್ನು ನಡುವೆಯೇ ಬಿಟ್ಟು, ಇಪ್ಪತ್ತು ತುಂಬುವ ಮೊದಲೇ, 1929ರಲ್ಲಿ ಈತ 'ಶಿಕಾಗೊ ಡೈಲಿ ನ್ಯೂಸ್' ಸೇರಿದನು. 1946ರಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಗೆ ಬಂದವನು ಕೊನೆಯವರೆಗೂ ಅಲ್ಲಿಯೇ ಉಳಿದನು.

1950ರ ಫೆಬ್ರವರಿಯಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ, ವಿದೇಶಾಂಗ ಇಲಾಖೆಯಲ್ಲಿ ಕಮ್ಯೂನಿಸ್ಟರು ಸೇರಿಕೊಂಡಿದ್ದಾರೆಂದು ಆಪಾದಿಸಿದನು. ತಕ್ಕ ಆಧಾರವನ್ನು ತೋರಿಸಲಿಲ್ಲ. ಆದರೂ ಸಂಶಯ ಹಬ್ಬಿತು. ಆ ವರ್ಷಗಳಲ್ಲಿ ಅಧ್ಯಾಪಕರು, ನೌಕರರು, ಕಲಾವಿದರು ಬರಿಯ ಸಂಶಯದಿಂದಲೇ ಕೆಲಸ ಕಳೆದುಕೊಂಡರು.

ಅದೇ ವರ್ಷದ ಮಾರ್ಚ್ 29ರಂದು ಹರ್ಬ್ಲಾಕ್‌ನ ಚಿತ್ರವೊಂದು ಪ್ರಕಟವಾಯಿತು. ಒಂದರ ಮೇಲೊಂದು ಪೇರಿಸಿದ ಟಾರಿನ ಡಬ್ಬಿಗಳು, ತುದಿಯಲ್ಲೊಂದು ಪೀಪಾಯಿ. ರಿಪಬ್ಲಿಕನ್ ಪಕ್ಷದ ಲಾಂಛನವಾದ ಆನೆಯನ್ನು ಆ ಪಕ್ಷದ ಮುಖಂಡರೇ ಅತ್ತ ನೂಕುತ್ತಿದ್ದಾರೆ. ಅದರ ಮೇಲೆ ನಿಲ್ಲಬೇಕೇ ಎಂದು ಆನೆಗೆ ಗಾಬರಿ! ನಾವು ಮಸಿ ಬಳಿಯುವುದೆನ್ನುವಂತೆ ಅಲ್ಲಿ ಟಾರು ಬಳಿಯುವುದೆಂದರೆ ಮಾನ ಕಳೆಯುವುದು. ಪೀಪಾಯಿಯ ಮೇಲೆ ಬರೆದಿದ್ದ ಪದ 'ಮೆಕಾರ್ಥಿಯಿಸಂ'. ಆಧಾರವಿಲ್ಲದೆ ದೇಶದ್ರೋಹ ಹೊರಿಸುವ ರಾಜಕೀಯಕ್ಕೆ ಅದೇ ಹೆಸರು ನಿಂತಿತು. ಹೆಸರಿಲ್ಲದ ಭಯದೊಡನೆ ವಾದಿಸುವುದು ಕಷ್ಟ. ಹೆಸರು ಬಂದ ಮೇಲೆ ಅದನ್ನು ಬೆರಳಿಟ್ಟು ತೋರಿಸಬಹುದು. 1954ರ ಡಿಸೆಂಬರಿನಲ್ಲಿ ಸೆನೆಟ್ ಸಭೆಯೇ ಮೆಕಾರ್ಥಿಯನ್ನು ಖಂಡಿಸಿತು.

ಹರ್ಬ್ಲಾಕ್ ತನ್ನ ಪತ್ರಿಕೆಗೂ ಮಣಿದವನಲ್ಲ. 1952ರ ಚುನಾವಣೆಯಲ್ಲಿ ಪತ್ರಿಕೆ ಐಸೆನ್‌ಹೋವರನನ್ನು ಬೆಂಬಲಿಸಿತು. ಈತ ವಿರೋಧಿಸಿ ಬರೆದನು. ಚುನಾವಣೆಯ ಕೊನೆಯ ದಿನಗಳಲ್ಲಿ ಪತ್ರಿಕೆ ಅವನ ಚಿತ್ರಗಳನ್ನು ತಡೆಹಿಡಿಯಿತು. ಅವೇ ಚಿತ್ರಗಳು ಇತರ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವಾಗಿ, ಮುಜುಗರಕ್ಕೊಳಗಾದದ್ದು ಪತ್ರಿಕೆಯೇ.

ನಿಕ್ಸನ್‌ನನ್ನು ಈತ ಸದಾ ಕುರುಚಲು ಗಡ್ಡದಲ್ಲಿ ಚಿತ್ರಿಸುತ್ತಿದ್ದನು. ಆದರೆ 1968ರಲ್ಲಿ ನಿಕ್ಸನ್ ಅಧ್ಯಕ್ಷನಾಗಿ ಆಯ್ಕೆಯಾದಾಗ, ಹೊಸ ಅಧ್ಯಕ್ಷನಿಗೆ ತನ್ನ ಅಂಗಡಿಯಲ್ಲಿ ಒಂದು ಕ್ಷೌರ ಉಚಿತವೆಂದು ಚಿತ್ರದಲ್ಲೇ ಸಾರಿದನು. ವಿರೋಧದಲ್ಲಿಯೂ ಇದ್ದ ಈ ಸೌಜನ್ಯ ಗಮನಾರ್ಹ. ಮುಂದೆ ವಾಟರ್‌ಗೇಟ್ ಹಗರಣ ಬಂದಾಗ ಅವನ ಲೇಖನಿ ಸುಮ್ಮನಿರಲಿಲ್ಲ.

1942, 1954 ಮತ್ತು 1979ರಲ್ಲಿ ಪುಲಿಟ್ಜರ್ ಪಾರಿತೋಷಕ ಪಡೆದ ಹರ್ಬ್ಲಾಕ್, 72 ವರ್ಷಗಳ ವೃತ್ತಿಜೀವನದ ನಂತರ 2001ರ ಅಕ್ಟೋಬರಿನಲ್ಲಿ ನಿಧನ ಹೊಂದಿದನು. ಆಪಾದನೆಯನ್ನೇ ಅಪರಾಧವೆಂದು ನಂಬುವ ಚಪಲ ಯಾವ ದೇಶಕ್ಕೂ ಹೊಸದಲ್ಲ. ಪದವಿ ಪಡೆದು ಹೊರಡಲಿರುವ ನಾವು ಅಂತಹ ವೇಳೆಯಲ್ಲಿ ಆಧಾರವೆಲ್ಲಿ ಎಂದು ಕೇಳಲು ಕಲಿತರೆ, ಓದಿದ್ದು ಸಾರ್ಥಕ.